ಕಂಬಳಿಯೊಳಗೆ ಬೆಚ್ಚಗಿಟ್ಟ ಪೇಪರು

ಅಕಿತಾನಿಯಾ
ಜುಲೈ 21, 1988

ಪ್ರೀತಿಯ ಬೆಲಾರ್ಮಿನೊ ಅವರಿಗೆ,

ನಿಮ್ಮ ಎಡೆಲ್ಮಿರಾ ಮಾಡುವ ನಮಸ್ಕಾರಗಳು. ನಾನೂ ಮಗಳೂ ಕ್ಷೇಮ, ಹಸುವೂ ಕ್ಷೇಮ, ಅಡುಗೆಮನೆಯ ಸೂರು ಮಾತ್ರ ಸೋರುತ್ತಿದೆ. ನೀವು ಯೊಪಾಲಿನ ಸೆಕೆಯಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಗಿರಣಿಯಲ್ಲಿ ಅಕ್ಕಿಯ ಧೂಳು ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೊಳ್ಳಿ. ಹೇಳಿದರೆ ಕೇಳುವವರಲ್ಲ ನೀವು, ಆದರೂ ಹೇಳುವುದು ನನ್ನ ಕೆಲಸ.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಈರುಳ್ಳಿ ಕೀಳುವ ಕೆಲಸ ಇತ್ತು, ಕಂತೆ ಕಟ್ಟಿ ಕಟ್ಟಿ ಬೆರಳೆಲ್ಲ ಸೀಳಿ ಹೋಗಿದ್ದವು. ಅದು ನೆಪ. ನಿಜ ಏನೆಂದರೆ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಮಾತು ಮನೆಯಲ್ಲೇ ಕೂತುಬಿಡುತ್ತದೆ ಎಂದು ತಣ್ಣಗಾಗುವವರೆಗೆ ಕಾದೆ.

ನೀವೇ ಹೇಳಿ, ಅದೆಂಥ ಷರತ್ತು? ಹದಿನೇಳು ವರ್ಷದ ಮಗಳು ಅಪ್ಪನನ್ನು ಕೇಳಿದ್ದು ಒಂದು ಸಹಿ. ದುಯಿತಾಮಾದ ಹುಡುಗಿಯರ ತಂಡದಲ್ಲಿ ಸೈಕಲ್ ಓಡಿಸುವುದಕ್ಕೆ. ನೀವು ಬರೆದದ್ದು ಏನು? ‘ಫ್ಲೋರಾಲ್ಬಾ ಜುಲೈ ತಿಂಗಳ ಗಾಳಿಯಲ್ಲಿ ನಮ್ಮ ಮನೆಯಿಂದ ಹೊರಟು, ಆನಿಮಾಸ್ ಘಾಟಿ ಹತ್ತಿಳಿದು, ಮೊರ್ಕಾದ ಮಾತೆಯ ಗುಡಿಗೆ ಹೋಗಿ, ಪೆನ್ಯಾನೆಗ್ರಾ ಘಾಟಿಯ ದಾರಿಯಾಗಿ ಕತ್ತಲಾಗುವುದರೊಳಗೆ ಮನೆಗೆ ಬರಲಿ. ಗುಡಿಯಲ್ಲಿ ಬಿಟ್ಟು ಬೇರೆಲ್ಲೂ ಕಾಲು ನೆಲಕ್ಕೆ ತಾಗಬಾರದು. ಅವಳ ಧರ್ಮಪಿತ ಕ್ರಿಸಾಂತೊ ಸಾಕ್ಷಿಯಾಗಿರಲಿ. ಆಗ ಸಹಿ ಹಾಕುತ್ತೇನೆ.’ ಗಂಡಸರೇ ಎರಡು ಘಾಟಿ ಒಂದೇ ದಿನ ಹತ್ತುವುದು ಬಿಸಿಲು ಕಾಲದಲ್ಲಿ. ಹೂಂ ಅನ್ನಲು ಮನಸ್ಸಿಲ್ಲ, ಉಹೂಂ ಅನ್ನಲು ಬಾಯಿಲ್ಲ, ಹಾಗಾಗಿ ಬೆಟ್ಟದ ಕೈಯಲ್ಲಿ ಉಹೂಂ ಅನ್ನಿಸಲು ಹೊರಟಿರಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಇಷ್ಟೂ ಅರ್ಥವಾಗುವುದಿಲ್ಲವೇ?

ಅರ್ಥವಾಗದೇ ಇರುವುದು ಏನೂ ಇಲ್ಲ. ನಮ್ಮ ಮಗ ಆರ್ಸೆನಿಯೊ ಪೆನ್ಯಾನೆಗ್ರಾದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ತೀರಿಹೋದ ಮೇಲೆ ನೀವು ಬೆಟ್ಟವೇ ಕಾಣದ ಊರು ಹುಡುಕಿಕೊಂಡು ಹೋದಿರಿ. ಎರಡು ವರ್ಷವಾಯಿತು. ಇರುವ ಒಬ್ಬ ಮಗಳನ್ನೂ ಅದೇ ದಾರಿಗೆ ಬಿಡಲು ನಿಮಗೆ ಎದೆ ಬರುವುದಿಲ್ಲ. ನನಗೆ ಬರುತ್ತದೆ ಅಂದುಕೊಂಡಿರಾ? ಅವಳು ಸೈಕಲ್ ತೆಗೆದಾಗಲೆಲ್ಲ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲು ಬಿಟ್ಟು ಕದಲುವುದಿಲ್ಲ. ಆದರೆ ಆ ಕಾಗದ ಓದಿ ಅವಳು ಅಳಲಿಲ್ಲ, ನಿಮ್ಮನ್ನು ಬೈಯಲೂ ಇಲ್ಲ. ಮಡಚಿಟ್ಟು, “ಅಮ್ಮಾ, ಹೊಟ್ಟೆ ಕೆಟ್ರೂ ಇಳೀಬಾರ್ದಾ?” ಎಂದು ಕೇಳಿದಳು. ಅಷ್ಟೇ.

ಹೋದ ಭಾನುವಾರ ಹೊರಟೆವು. ಹಿಂದಿನ ದಿನ ಕಾರ್ಮೆನ್ ಮಾತೆಯ ಹಬ್ಬ, ಕ್ರಿಸಾಂತೊ ತನ್ನ ಹಾಲಿನ ಲಾರಿಗೆ ಕಾಗದದ ಹೂ, ಬಲೂನು ಕಟ್ಟಿ ಊರೆಲ್ಲ ಹಾರನ್ ಹೊಡೆದುಕೊಂಡು ಮೆರವಣಿಗೆ ಹೋಗಿದ್ದ. ಅದನ್ನೆಲ್ಲ ಬಿಚ್ಚಿರಲಿಲ್ಲ. “ಬಿಚ್ಚೋದ್ ಯಾಕೆ ಅತ್ತಿಗೆ, ನನ್ನ ಧರ್ಮಪುತ್ರಿ ಹೊರಟಿದಾಳೆ, ಮದುವೆ ದಿಬ್ಬಣದ ಥರಾನೇ ಹೋಗೋಣ” ಅಂದ. ನಾನು ಅವನ ಪಕ್ಕ ಕೂತೆ, ತೊಡೆಯ ಮೇಲೆ ಬೆಲ್ಲದ ನೀರಿನ ಫ್ಲಾಸ್ಕು, ಸೀಬೆಹಣ್ಣಿನ ಹಲ್ವದ ಎಲೆ ಪೊಟ್ಟಣ, ಮೆಕ್ಕೆಜೋಳದ ರೊಟ್ಟಿ. ಕಂಬಳಿಯೊಳಗೆ ಎದೆಗೆ ಒತ್ತಿಕೊಂಡು ಪೇಪರುಗಳು. ಪಾದ್ರಿಗಳ ಮನೆಯಿಂದ ಹಳೆಯ ಭಾನುವಾರದ ಪೇಪರು ಕೇಳಿ ತಂದಿದ್ದೆ, ಅದೇ ದಪ್ಪ. ನೀವು ಮಾಡುತ್ತಿದ್ದ ಹಾಗೆಯೇ ಬೆಳಗ್ಗೆ ಎದ್ದಾಗಲೇ ಎದೆಗಿಟ್ಟುಕೊಂಡೆ. ಘಾಟಿಯ ನೆತ್ತಿಯಲ್ಲಿ ಮಗ ಇಳಿಜಾರಿನ ಚಳಿಗಾಳಿಗೆ ಅಡ್ಡವಾಗಿ ಅಂಗಿಯೊಳಗೆ ತೂರಿಸಿಕೊಳ್ಳುವ ಪೇಪರು ಬೆಚ್ಚಗಿರಬೇಕು ಅನ್ನುತ್ತಿದ್ದಿರಿ. ಗಾಳಿ ತಡೆದರೆ ಸಾಕಲ್ಲ, ಆ ಬಿಸಿ ಎರಡು ತಿರುವಿಗೆ ಆರಿಹೋಗುತ್ತದೆ ಎಂದು ಆಗ ನಾನು ನಗುತ್ತಿದ್ದೆ.

ಆರ್ಸೆನಿಯೊನ ಸೈಕಲ್ಲನ್ನು ಅವಳು ಮುಟ್ಟಲಿಲ್ಲ. ನೀವು ಗೋಣಿ ಹೊದಿಸಿ ತೂಗುಹಾಕಿದ ಹಾಗೆಯೇ ಇದೆ. ಅವಳು ಹೊರಟಿದ್ದು ಶಾಲೆಗೆ ಹೋಗುವ, ಈರುಳ್ಳಿ ಕಂತೆ ಹೇರುವ ಅದೇ ಕಬ್ಬಿಣದ ಸೈಕಲ್ಲಿನಲ್ಲಿ. ಕ್ಯಾರಿಯರ್ ಬಿಚ್ಚಿಟ್ಟಳು, ಮಡ್‌ಗಾರ್ಡ್ ಬಿಚ್ಚಿಟ್ಟಳು. “ಹಾಗೇ ಸೀಟೂ ಬಿಚ್ಚಿಟ್ಬಿಡು, ಇನ್ನೂ ಹಗುರಾಗುತ್ತೆ” ಅಂದ ಕ್ರಿಸಾಂತೊ.

ಹಾಲಿನ ಲಾರಿ ಎಂದ ಮೇಲೆ ಹಸು ಸಾಕಿದ ಪ್ರತಿ ಮನೆಯ ಗೇಟಿಗೂ ನಿಲ್ಲಬೇಕು. ಹಸುಗಳಿಗೆ ಭಾನುವಾರವಿಲ್ಲವಲ್ಲ. ನಾವು ನಿಂತು ಹಾಲಿನ ಕ್ಯಾನು ಏರಿಸುವಷ್ಟರಲ್ಲಿ ಅವಳು ದಾಟಿ ಹೋಗುತ್ತಿದ್ದಳು, ನಾವು ಹಿಡಿಯುತ್ತಿದ್ದೆವು, ಮತ್ತೆ ನಿಲ್ಲುತ್ತಿದ್ದೆವು, ಮತ್ತೆ ದಾಟುತ್ತಿದ್ದಳು. ಪ್ರತಿ ಸಲ ಮುಖ ನೋಡುತ್ತಿದ್ದೆ. ಮೊದಲು ಕೆನ್ನೆ ಕೆಂಪಗಿತ್ತು, ಆಮೇಲೆ ತುಟಿ ಬೆಳ್ಳಗಾಯಿತು. ಕೆರೆಯ ಕಡೆಯಿಂದ ಬೀಸುವ ಗಾಳಿ ಸೈಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತಿತ್ತು. ಜುಲೈ ಗಾಳಿ ನೀವು ಮರೆತಿರಬಹುದು, ಅದು ನಿಮ್ಮನ್ನು ಮರೆತಿಲ್ಲ.

ಆಲೂಗಡ್ಡೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಅವರಲ್ಲೊಬ್ಬ ಮುದುಕಿ ಕೂಗಿದಳು: “ಏ ಹುಡುಗೀ, ಈ ಚಳೀಲಿ ಎಲ್ಲಿಗೆ? ಗಂಡನ್ನ ಹುಡುಕ್ಕೊಂಡಾ?”

“ಸಿಕ್ರೆ ಕರ್ಕೊಂಡ್ ಬರ್ತಿದ್ದೆ ಅಜ್ಜೀ. ಏನ್ ಮಾಡ್ಲಿ, ಕ್ಯಾರಿಯರ್ ಮನೇಲೇ ಬಿಟ್ಟು ಬಂದಿದೀನಿ.”

ಹೆಂಗಸರು ನಕ್ಕ ಸದ್ದು ತಿರುವು ದಾಟಿದರೂ ಕೇಳುತ್ತಿತ್ತು. ಈ ಬಾಯಿ ಅವಳಿಗೆ ಎಲ್ಲಿಂದ ಬಂತೋ, ನನ್ನದಂತೂ ಅಲ್ಲ. ನೀವು ಈಗ ನಗುತ್ತಿದ್ದೀರಿ, ಗೊತ್ತು ನನಗೆ.

ಆನಿಮಾಸ್ ನೆತ್ತಿಗೆ ನಾವು ಮೊದಲು ಹೋಗಿ ನಿಂತೆವು. ಮಂಜು ಎಷ್ಟಿತ್ತೆಂದರೆ ಮೊದಲು ಅವಳ ಏದುಸಿರು ಕೇಳಿಸಿತು, ಆಮೇಲೆ ಅವಳು ಕಂಡಳು. ನಾನು ರಸ್ತೆಯ ಅಂಚಿನಲ್ಲಿ ಪೇಪರು ಚಾಚಿ ಓಡಿದೆ. ಈ ವಯಸ್ಸಿನಲ್ಲಿ, ರಬ್ಬರ್ ಬೂಟು ಹಾಕಿಕೊಂಡು! ಅವಳು ನಿಲ್ಲಿಸದೆಯೇ ಕಸಿದುಕೊಂಡು, ಹಲ್ಲಿನಲ್ಲಿ ಕಚ್ಚಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಅಂಗಿಯೊಳಗೆ ಹರಡಿಕೊಂಡಳು. ಆರ್ಸೆನಿಯೊ ಮಾಡುತ್ತಿದ್ದ ಹಾಗೆಯೇ. ಚಿಕ್ಕವಳಿದ್ದಾಗ ನಿಮ್ಮ ಪಕ್ಕ ನಿಂತು ಎಷ್ಟು ಸಲ ನೋಡಿದ್ದಾಳೆ. “ಬೆಚ್ಚಗಿದೆ ಅಮ್ಮಾ” ಎಂದು ಕೂಗಿ ಮಂಜಿನೊಳಗೆ ಇಳಿದುಬಿಟ್ಟಳು. ಆಗ ನಾನು ಅತ್ತೆ. ಕ್ರಿಸಾಂತೊ ನೋಡಿಯೂ ನೋಡದವನಂತೆ ಲಾರಿಯ ಚಕ್ರ ಒದ್ದು ಗಾಳಿ ನೋಡುತ್ತಿದ್ದ. ಒಳ್ಳೆಯವನು, ಬಾಯಿ ಮಾತ್ರ ಸ್ವಲ್ಪ ಹೆಚ್ಚು.

ಸೊಗಾಮೊಸೊದಲ್ಲಿ ಹಾಲು ಇಳಿಸಿ ಮೊರ್ಕಾಕ್ಕೆ ಬರುವಷ್ಟರಲ್ಲಿ ಅವಳು ಗುಡಿಯೊಳಗೆ ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ಹಾಲುಗಲ್ಲದ ಮಗುವಾಗಿದ್ದಾಗ ಪೂಜೆಯ ನಡುವೆ ನಿದ್ದೆ ಹೋಗುತ್ತಿದ್ದಳಲ್ಲ, ಅದೇ ಮುಖ. ಸೈಕಲ್ಲಿನವರು ಹರಕೆ ತೀರಿಸಿ ನೇತುಹಾಕಿದ ಅಂಗಿಗಳು, ಫೋಟೋಗಳು ಗೋಡೆಯ ತುಂಬ ಹಾಗೆಯೇ ಇವೆ. ನಾವಿಟ್ಟ ಆರ್ಸೆನಿಯೊನ ಫೋಟೋದ ಒಂದು ಮೂಲೆ ತೇವಕ್ಕೆ ಸುರುಳಿಯಾಗಿತ್ತು. ಅವಳು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೇರ ಮಾಡಿದಳು.

“ಮಾತೆ ಹತ್ರ ಏನ್ ಕೇಳ್ದೆ?” ಅಂದೆ.

“ಏನೂ ಇಲ್ಲ. ಅಪ್ಪನಿಗೂ ನನಗೂ ಇರೋ ವ್ಯವಹಾರ ಇದು, ಆಕೆ ಮಧ್ಯೆ ಬರೋದು ಬೇಡ.”

ನಿಮ್ಮ ಮಗಳು. ತೀರಾ ನಿಮ್ಮ ಮಗಳು.

ಊಟ ಮುಗಿಸಿ ಪೆನ್ಯಾನೆಗ್ರಾಕ್ಕೆ ಮುಖ ಮಾಡಿದಾಗ ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಹನಿ ಶುರುವಾಯಿತು. ಮಳೆಯೂ ಅಲ್ಲ, ಮಂಜೂ ಅಲ್ಲ, ನಮ್ಮ ಬೋಳುಗುಡ್ಡದ ಆ ಹಾಳು ಸೋನೆ, ಮೂಳೆಯೊಳಗೆ ಹೋಗಿ ಕೂರುವಂಥದ್ದು. ಎದುರಿನಿಂದ ಬಣ್ಣಬಣ್ಣದ ಅಂಗಿ ಹಾಕಿದ ಮೂವರು ಹುಡುಗರು ಇಳಿದು ಬಂದರು, ಕ್ಲಬ್ಬಿನವರು, ಇಟಲಿಯ ಸೈಕಲ್ಲು. ಹಲ್ಲು ಕಟಕಟ ಅನ್ನುತ್ತಿತ್ತು.

“ವಾಪಸ್ ತಿರುಗು, ಮೇಲೆ ಆಲಿಕಲ್ಲು ಬೀಳ್ತಿದೆ” ಅಂದ ಒಬ್ಬ.

“ನಿಮ್ಮನೆ ಆ ಕಡೆ, ನಮ್ಮನೆ ಈ ಕಡೆ” ಅಂದಳು ಇವಳು, ತುಳಿಯುತ್ತಲೇ.

ಖಾಲಿ ಕ್ಯಾನುಗಳು ಲಾರಿಯಲ್ಲಿ ಗಡಗಡ ಅನ್ನುತ್ತಿದ್ದವು, ಹಬ್ಬದ ಕಾಗದದ ಹೂಗಳು ಬಣ್ಣ ಬಿಟ್ಟುಕೊಂಡು ಗಾಜಿನ ಮೇಲೆ ಗುಲಾಬಿ ನೀರು ಇಳಿಯುತ್ತಿತ್ತು. ಇನ್ನು ನಾವು ಮುಂದೆ ಹೋಗಲಿಲ್ಲ, ಅವಳ ಹಿಂದೆಯೇ ನಿಧಾನಕ್ಕೆ ಹೋದೆವು. ನಿಜವಾದ ಆಲಿಕಲ್ಲು ಬಿತ್ತು. ಬೆನ್ನಿಗೆ ಬೀಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವಳು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ಎಳೆಯುತ್ತಿದ್ದಳು, ಸುಸ್ತಾದ ಎತ್ತು ಗಾಡಿ ಎಳೆಯುವ ಹಾಗೆ. ಒಂದು ಕಡೆ ಚಕ್ರ ಜಾರಿತು. ಸೈಕಲ್ಲು ಪೂರಾ ವಾಲಿತು, ಕಾಲು ನೆಲಕ್ಕೆ ಇನ್ನೇನು ತಾಗಬೇಕು, ಬಂಡೆಗೆ ಭುಜ ಕೊಟ್ಟು ತಳ್ಳಿಕೊಂಡು ನೆಟ್ಟಗಾದಳು.

“ಭುಜದ ಬಗ್ಗೆ ಷರತ್ತಿನಲ್ಲಿ ಏನೂ ಬರ್ದಿಲ್ಲ” ಅಂದ ಕ್ರಿಸಾಂತೊ.

“ನಿಲ್ಸು, ನಾನು ಇಳ್ದು ಅವಳನ್ನ ಲಾರಿಗೆ ಹತ್ತಿಸ್ತೀನಿ, ಸಹಿ ಹಾಳಾಗ್ಲಿ” ಅಂದೆ.

“ಅತ್ತಿಗೆ, ಈಗ ಇಳಿಸಿದ್ರೆ ಅವಳು ನಿಮ್ಮನ್ನ ಕ್ಷಮಿಸ್ತಾಳೆ, ಬೆಲಾರ್ಮಿನೊನ ಕ್ಷಮಿಸಲ್ಲ” ಅಂದ. ನಾನು ಜಪಸರ ಹಿಡಿದುಕೊಂಡೆ. ಮಣಿ ಎಣಿಸಲೂ ಬರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದೆ.

ಪೆನ್ಯಾನೆಗ್ರಾದ ನೆತ್ತಿಗೆ ಅವಳು ಬಂದಳು. ಗುಡಿಯಲ್ಲಿ ಬಿಟ್ಟರೆ ಅಲ್ಲಿಯವರೆಗೆ ಒಂದು ಸಲವೂ ಕಾಲು ಊರಿರಲಿಲ್ಲ, ದೇವರಾಣೆ. ನೆತ್ತಿಯಲ್ಲಿ ನಡೆದದ್ದನ್ನು ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಹಾಳೆ ತಿರುಗಿಸಿ ಓದಬೇಡಿ. ನೀವು ಅಂಥವರೇ.

ಇಳಿಜಾರಿನಲ್ಲಿ ಅವಳು ಮೆಲ್ಲಗೆ ಹೋದಳು, ಎರಡೂ ಕೈ ಬ್ರೇಕಿನ ಮೇಲೆ. ಕ್ರಿಸಾಂತೊ ದೀಪ ಹಾಕಿ ಹಿಂದೆಯೇ ಬಂದ. ಮೂರನೇ ತಿರುವಿನಲ್ಲಿ, ಆರ್ಸೆನಿಯೊ ಬಿದ್ದಲ್ಲಿ ನೆಟ್ಟ ಶಿಲುಬೆಯ ಹತ್ತಿರ, ಬ್ರೇಕಿನಿಂದ ಕೈ ತೆಗೆಯದೆ ತಲೆ ಮಾತ್ರ ಬಗ್ಗಿಸಿದಳು. ಯಾರೋ ಅಲ್ಲಿ ಹೊಸ ಹೂ ಇಟ್ಟಿದ್ದರು. ನಾನಲ್ಲ, ನೀವು ಊರಲ್ಲೇ ಇಲ್ಲ. ಅವನ ಜೊತೆ ಓಡಿಸುತ್ತಿದ್ದ ಹುಡುಗರಿರಬೇಕು. ಮರೆತಿಲ್ಲ ಅವನನ್ನು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು, ಕೆರೆ ಸೀಸದ ಬಣ್ಣಕ್ಕೆ ತಿರುಗಿತ್ತು. ಕಾಲನ್ನು ಬಿಸಿನೀರಿನಲ್ಲಿ ಇಡಿಸಿದೆ. ಚಳಿ ಬಿಡುವಾಗ ಉರಿಯುತ್ತದಲ್ಲ, ಆಗ ಅತ್ತಳು, ಇಡೀ ದಿನದಲ್ಲಿ ಅದೊಂದೇ ಸಲ. ಆಲೂಗಡ್ಡೆ ಸಾರು ಕುಡಿಯುತ್ತಾ ಚಮಚ ಕೈಯಲ್ಲಿರುವಾಗಲೇ ನಿದ್ದೆ ಹೋದಳು. ಕ್ರಿಸಾಂತೊ ಅವಳ ಪಾಲಿನ ಸಾರನ್ನೂ ಕುಡಿದು, “ಸಾಕ್ಷಿಗೆ ಕೂಲಿ” ಎಂದು ಮೀಸೆ ಒರೆಸಿಕೊಂಡು ಹೋದ.

ಇನ್ನೇನು ಬರೆಯಲಿ? ಕರು ಹಾಲು ಬಿಟ್ಟಿದೆ. ಸೂರಿಗೆ ಹೆಂಚು ಹಾಕಿಸಬೇಕು, ನಾನೇ ಹತ್ತಿದರೆ ಹೆಂಚಿನ ಜೊತೆ ನಾನೂ ಕೆಳಗೆ ಬರುತ್ತೇನೆ. ಹಾಸಿಗೆಯ ನಿಮ್ಮ ಕಡೆ ಇನ್ನೂ ನಿಮ್ಮ ಕಡೆಯಾಗಿಯೇ ಇದೆ, ನಾನು ಆ ಕಡೆ ಹೊರಳುವುದಿಲ್ಲ. ಚಳಿಯಾದರೂ ಇಲ್ಲ. ಹೇಳಬಾರದೆಂದು ಇದ್ದೆ, ಹೇಳಿಬಿಟ್ಟೆ.

ಕಾರ್ಮೆನ್ ಮಾತೆ ತನ್ನ ಸೆರಗಿನಲ್ಲಿ ನಿಮ್ಮನ್ನು ಕಾಪಾಡಲಿ. ದಾರಿಯಲ್ಲಿ, ಗಿರಣಿಯಲ್ಲಿ, ನಿದ್ದೆಯಲ್ಲಿ ಕೆಟ್ಟದ್ದು ನಿಮ್ಮ ಹತ್ತಿರ ಸುಳಿಯದಿರಲಿ. ಮಗಳು ಅಪ್ಪನ ಕೈಗೆ ಮುತ್ತು ಕೊಟ್ಟಿದ್ದಾಳೆ, ಆಶೀರ್ವಾದ ಕಳಿಸಿ ಅಂದಿದ್ದಾಳೆ.

ಇಂದಿಗೂ ನಿಮ್ಮವಳೇ ಆದ,
ಎಡೆಲ್ಮಿರಾ

ತಾ.ಕ.: ಈಗ ನೆತ್ತಿಯ ವಿಷಯ. ಇದನ್ನು ಬರೆಯಬೇಡಿ ಎಂದು ಕ್ರಿಸಾಂತೊ ಕೈಮುಗಿದ. “ನಾನೇನೂ ನೋಡಿಲ್ಲ ಅತ್ತಿಗೆ, ನನ್ನ ಕಣ್ಣಿಗೆ ಆಲಿಕಲ್ಲು ಬಡಿದಿತ್ತು, ಪಾದ್ರಿಗಳ ಮುಂದೆ ಬೇಕಾದ್ರೂ ಹೇಳ್ತೀನಿ” ಅಂದ. ಬರೆಯಲೇಬೇಕು ಅಂದವಳು ಫ್ಲೋರಾಲ್ಬಾ. “ಅಪ್ಪನಿಗೆ ಸುಳ್ಳು ಬರೀಬೇಡ ಅಮ್ಮಾ.”

ಕೊನೆಯ ತಿರುವಿನಲ್ಲಿ ನಾನು ಲಾರಿಯಿಂದ ಇಳಿದು ಮುಂದೆ ಓಡಿ, ನೀವು ನಿಲ್ಲುತ್ತಿದ್ದ ಆ ಬಂಡೆಯ ಹತ್ತಿರವೇ ಪೇಪರು ಹಿಡಿದು ನಿಂತೆ. ಅವಳು ಬಂದಳು. ಕೈ ಚಾಚಿದಳು. ಚಳಿಗೆ ಬೆರಳು ಮಡಚಲೇ ಆಗಲಿಲ್ಲ. ಪೇಪರು ಅವಳ ಕೈಯಿಂದ ಜಾರಿ ನನ್ನ ಕೈಗೇ ವಾಪಸು ಬಂತು. ಇನ್ನು ಇಳಿಜಾರು ಮಾತ್ರ, ತುಳಿಯುವುದೇ ಬೇಡ, ಹಾಗೆಯೇ ಬಿಟ್ಟಿದ್ದರೆ ಷರತ್ತು ಗೆದ್ದಿರುತ್ತಿದ್ದಳು. ನಾಲ್ಕು ಮಾರು ಮುಂದೆ ಹೋದಳು. ಹೋಗಿ ನಿಲ್ಲಿಸಿದಳು. ನನ್ನ ಮುಖ ನೋಡಿ, ಎಡಗಾಲನ್ನು ನೆಲದ ಮೇಲೆ ಇಟ್ಟಳು. ಆಮೇಲೆ ಬಲಗಾಲನ್ನೂ.

“ಆವತ್ತು ಅಣ್ಣ ನಿಲ್ಲಿಲ್ಲ ಅಮ್ಮಾ” ಅಂದಳು. “ಅಪ್ಪನ ಕೈಯಲ್ಲೇ ಪೇಪರ್ ಉಳ್ಕೊಳ್ತು. ನಿನ್ನ ಕೈಯಲ್ಲೂ ಉಳಿಸಿ ಹೋಗೋಕೆ ನನ್ನಿಂದಾಗಲ್ಲ.”

ಅಂಗಿ ಎತ್ತಿ ನಾನೇ ಎದೆಯ ಮೇಲೆ ಪೇಪರು ಹರಡಿದೆ. ಅವಳ ಬೆರಳುಗಳನ್ನು ಬಾಯೊಳಗಿಟ್ಟು ಊದಿದೆ, ಕ್ರಿಸಾಂತೊ ಬೆಲ್ಲದ ನೀರು ಕುಡಿಸಿದ. ಬ್ರೇಕು ಹಿಡಿದು ತೋರಿಸುವವರೆಗೆ ಹೊರಡಲು ಬಿಡಲಿಲ್ಲ.

ಆದ್ದರಿಂದ ನಿಮ್ಮ ಷರತ್ತಿನ ಲೆಕ್ಕದಲ್ಲಿ ಅವಳು ಸೋತಳು. ಇದನ್ನು ನೀವು ಹೇಗೆ ತೂಗುತ್ತೀರೋ ನಿಮಗೆ ಬಿಟ್ಟದ್ದು. ಆದರೆ ನನ್ನ ಒಂದು ಮಾತು ಕೇಳಿ. ಆವತ್ತು ರೇಸಿನಲ್ಲಿ ಮುಂದಿದ್ದ ಇಬ್ಬರನ್ನು ಹಿಡಿಯುವ ಆತುರದಲ್ಲಿ ಆರ್ಸೆನಿಯೊ ನಕ್ಕು ಕೈ ಬೀಸಿ ಹೋದ. ಮರಗಟ್ಟಿದ ಬೆರಳಿಗೆ ಬ್ರೇಕು ಸಿಗಲಿಲ್ಲ. ಮಗನಿಗೆ ಪೇಪರು ಕೊಡಲಿಲ್ಲ ಕೊಡಲಿಲ್ಲ ಎಂದು ನೀವು ಎರಡು ವರ್ಷದಿಂದ ನಿಮ್ಮನ್ನೇ ತಿನ್ನುತ್ತಿದ್ದೀರಿ. ನೀವು ಕೊಟ್ಟಿರಿ, ಬೆಲಾರ್ಮಿನೊ. ಮಗು ತೆಗೆದುಕೊಳ್ಳಲಿಲ್ಲ, ಅಷ್ಟೇ. ನಾನು ಈಗ ಆ ಬಂಡೆಯ ಹತ್ತಿರ ನಿಂತು ಬಂದಿದ್ದೇನೆ, ನನಗೆ ಗೊತ್ತು.

ಸಹಿಯನ್ನು ಅಂಚೆಯಲ್ಲಿ ಕಳಿಸಬೇಡಿ. ಹಾಕುವುದಾದರೂ ಬನ್ನಿ, ಹಾಕದಿರುವುದಾದರೂ ಬಂದು ಅವಳ ಮುಖ ನೋಡಿ ಹೇಳಿ. ಆವತ್ತು ಕೈಯಲ್ಲಿ ಉಳಿದ ಆ ಪೇಪರನ್ನು ನಿಮ್ಮ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಹೋದಿರಿ, ಅಂಗಿ ಮಡಚಿಟ್ಟವಳು ನಾನೇ ಅಲ್ಲವೇ. ಬರುವಾಗ ಅದನ್ನೂ ತನ್ನಿ. ಒಲೆಗೆ ಹಾಕಿ ಬೆಲ್ಲದ ನೀರು ಕಾಯಿಸೋಣ. ಮಗಳಿಗೆ ಹೊಸದು ತೆಗೆದಿಟ್ಟಿದ್ದೇನೆ, ಬೆಚ್ಚಗೆ ಮಾಡುವುದು ನಿಮ್ಮ ಕೆಲಸ.